ಬೆನ್ನಿನ ದರ

ಎದೆಗೆ ಎಂಟು ಸಾವಿರ, ಬೆನ್ನಿಗೆ ಐದು,
ತೋಳೊಂದಕ್ಕೆ ಒಂದೂವರೆ.
ರಸೀದಿ ಪುಸ್ತಕದ ರಟ್ಟಿನ ಮೇಲೆ ಕೃಷ್ಣೋಜಿ ರಾಯರು
ತಲೆಯಿಲ್ಲದ ಒಬ್ಬ ಮನುಷ್ಯನನ್ನು ಬರೆದು
ಲೇಔಟಿನ ನಕ್ಷೆಯ ಹಾಗೆ ಗೀಟು ಎಳೆದು
ನನ್ನ ಕೈಗೆ ಕೊಟ್ಟರು: "ಹೋಗು, ಮಾರ್ಕೊಂಡು ಬಾ."

ನಾನು ಭದ್ರಾವತಿಯ ಆಟೋ ಮೈಕಿನವನು.
ಸರ್ಕಸ್ಸು, ಸೀರೆ ಸೇಲು, ಕಾಣೆಯಾದ ಎಮ್ಮೆ,
ನಾಳೆ ನಲ್ಲಿಯಲ್ಲಿ ನೀರಿಲ್ಲ,
ಎಲ್ಲಕ್ಕೂ ಇದೇ ಗಂಟಲು.
ಸೀರೆಯಾದರೆ ಸೆರಗು ಹಿಡಿದು ನೋಡುತ್ತಾರೆ.
ಕಬಡ್ಡಿಯನ್ನು ಯಾವ ಬೀರುವಿನಿಂದ ತೆಗೆದು ಹರವಲಿ?
ಶನಿವಾರ ರಾತ್ರಿ ಹನ್ನೊಂದಕ್ಕೆ ಹುಟ್ಟಿ
ಹನ್ನೆರಡರೊಳಗೆ ಸಾಯುವ ಸರಕು.
ಅವತ್ತು ಖಾಲಿ ಉಳಿದ ಕುರ್ಚಿಯಲ್ಲಿ
ಭಾನುವಾರ ಬಿಟ್ಟಿ ಅಂದರೂ ಯಾರು ಕೂರುತ್ತಾರೆ?

ಬೇಕರಿಯ ಮೊಯ್ದೀನಬ್ಬ ಎರಡೇ ಪ್ರಶ್ನೆ ಕೇಳಿದ:
"ನೋಡೋಕೆ ಬರೋರು ಯಾರು? ಅವರ ಜೇಬಲ್ಲಿ ಎಷ್ಟಿರುತ್ತೆ?"
"ಪೇಪರ್ ಟೌನಿನ ಹುಡುಗರು. ಟಿಕೆಟ್ಟು ಕಳೆದು ಒಂದು ಪಫ್ಸಿಗಾಗುವಷ್ಟು."
ಬಲದೋಳು ತಗೊಂಡ.
ಹಲ್ಲಿನ ಡಾಕ್ಟರಮ್ಮ ಎಡದೋಳು ಬೇಡವೆಂದು ಗೇಟಿನ ಕಮಾನು ಕೇಳಿದರು:
"ಒಳಗೆ ಹೋಗುವಾಗ ಎಲ್ಲರೂ ನಗ್ತಿರ್ತಾರೆ, ಹಲ್ಲು ನೆನಪಾಗುತ್ತೆ."
ಎದೆ ಸಿಮೆಂಟಿನವರಿಗೆ ಹೋಯಿತು.
ಬೆನ್ನು, ಚೌಕಾಸಿಯಾಗಿ ನಾಲ್ಕೂವರೆಗೆ,
ಹಾಲೇಶಪ್ಪನವರ ಹಾಲೋ ಬ್ರಿಕ್ಸಿಗೆ.

ಇರುದಯರಾಜ ಜೆರ್ಸಿಯನ್ನು ತಿರುಗಿಸಿ ಮುರುಗಿಸಿ ನೋಡಿದ.
"ಅಣ್ಣಾ, ಇದ್ರಲ್ಲಿ ನಾನೆಲ್ಲಿದೀನಿ?"
ಒಳಗೆ, ಅಂದೆ.
ಪೋಸ್ಟರಿನ ತುಂಬ ಅವನದೇ ತೊಡೆ, ಅವನದೇ ಮೀಸೆ.
ನೂರರ ಕುರ್ಚಿ ಮಾರಿದ್ದು ಆ ಮುಖಕ್ಕೇ.
ಅವನಿಗೆ ಸಿಕ್ಕಿದ್ದು ಏಳುನೂರು, ಎರಡು ರಾತ್ರಿಯ ಬಿರಿಯಾನಿ,
ಮತ್ತು ಈ ಬಟ್ಟೆ.

ಪ್ರತಿ ದಾಳಿಗೂ ಮೂರು ಸಲ ಹೆಸರು ಬರಬೇಕೆಂದು
ರಾಯರ ಕಟ್ಟಪ್ಪಣೆ.
ಹೊನಲು ಬೆಳಕು. ನೀರು ಹೊಡೆದ ಕೆಂಪು ಅಂಕಣದ ವಾಸನೆ.
ಅವನು ಒಳನುಗ್ಗಿ ಕಬಡ್ಡಿ ಕಬಡ್ಡಿ,
ನಾನು ಹೊರಗೆ ಹಾಲೋ ಬ್ರಿಕ್ಸ್ ಹಾಲೋ ಬ್ರಿಕ್ಸ್.
ಅವನಿಗೆ ಒಂದೇ ಉಸಿರು, ನನಗೆ ಎಷ್ಟು ಬೇಕಾದರೂ.

ಅರ್ಧ ಆಟಕ್ಕೆ ಹಾಲೇಶಪ್ಪನವರು ಸೋಫಾದಿಂದ ಎದ್ದು ಬಂದರು,
ಕೈಯಲ್ಲಿ ಬಾದಾಮಿ ಹಾಲಿನ ಬಾಟಲಿ.
"ಅಲ್ಲಯ್ಯಾ, ನುಗ್ಗುವಾಗ ಸಿಮೆಂಟು ಕಾಣುತ್ತೆ.
ನಾನು ಕಾಣೋದು ಯಾವಾಗ? ಓಡಿ ಬರುವಾಗ. ಇಲ್ಲ, ಮಕಾಡೆ ಬಿದ್ದಾಗ.
ನನ್ನ ಇಟ್ಟಿಗೆ ಅಂದ್ರೆ ಬೆನ್ನು ತೋರಿಸೋನು ಅಂತಾಗಲ್ವೇನಯ್ಯಾ ಊರಿಗೆಲ್ಲ?
ಅರ್ಧ ದುಡ್ಡು ವಾಪಸ್ ಕೊಡಿ."
ರಾಯರು ಉಗುಳು ನುಂಗಿದರು. ನಾನು ಮೈಕು ಒರೆಸಿದೆ.

ಕೊನೆಯ ದಾಳಿ. ಒಂದು ಅಂಕ ಹಿಂದೆ.
ಇಬ್ಬರನ್ನು ಮುಟ್ಟಿದ, ತಿರುಗಿದ,
ಅಷ್ಟರಲ್ಲಿ ಕಾಲಿಗೆ ಇಬ್ಬರು, ಸೊಂಟಕ್ಕೊಬ್ಬ,
ಮೇಲೆ ಯಾರ್ಯಾರೋ,
ಗೆರೆ ಇನ್ನೂ ಒಂದು ಮೊಳ.
ರಾಶಿಯೊಳಗಿಂದ ಆ ಸದ್ದು ಮಾತ್ರ,
ಆರುತ್ತಿರುವ ಸ್ಟೌವಿನ ಹಾಗೆ, ಕಬಡ್ಡಿ ಕಬ
ನಾನು ಏನೂ ಹೇಳಲಿಲ್ಲ.
ಮೈಕು ಬಾಯಿ ಹತ್ತಿರವೇ ಇತ್ತು.
ಎರಡು ಸಾವಿರ ಜನ, ಬಿರಿಯಾನಿಯವನ ಸೌಟು,
ಜನರೇಟರೊಂದು ಬಿಟ್ಟು ಎಲ್ಲ ನಿಂತಿತ್ತು.
ಬೆರಳು ಗೆರೆ ಮುಟ್ಟಿತು.

ಬೆಳಿಗ್ಗೆ ಪತ್ರಿಕೆಯಲ್ಲಿ ಚಿತ್ರ: ಕಾಲು, ಕೈ, ಮಣ್ಣು,
ನಡುವೆ ಒಂದೇ ಒಂದು ಬೆನ್ನು, ಅದರ ಮೇಲೆ "ಹಾಲೇ".
ಹಾಲೇಶಪ್ಪನವರು ಗಾಜು ಹಾಕಿಸಿ ಆಫೀಸಿನಲ್ಲಿ ತೂಗುಹಾಕಿದ್ದಾರೆ.
ರಾಯರು ರಟ್ಟಿನ ಮೇಲೆ ಐದನ್ನು ಹೊಡೆದು ಒಂಬತ್ತು ಬರೆದಿದ್ದಾರೆ,
ನನ್ನ ಲೆಕ್ಕದಲ್ಲಿ ಇನ್ನೂರು ಮುರಿದುಕೊಂಡಿದ್ದಾರೆ,
ಕೊನೆಯ ದಾಳಿಯಲ್ಲಿ ಹೆಸರು ಹೇಳದ್ದಕ್ಕೆ.

ಸೋಮವಾರ ಹಳೇನಗರದ ವೆಲ್ಡಿಂಗ್ ಶೆಡ್ಡಿನ ಮುಂದೆ ಆಟೋ ನಿಲ್ಲಿಸಿದೆ.
ಇರುದಯರಾಜ ಅದೇ ಜೆರ್ಸಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು
ಯಾರದೋ ಗೇಟಿನಿಂದ ಕಿಡಿ ಹಾರಿಸುತ್ತಿದ್ದ.
ಬೆನ್ನು ರಸ್ತೆಗೆ. ತೋಳಿನ ಬೇಕರಿಯ ಮೇಲೆ ಆಗಲೇ ಸಣ್ಣ ಸಣ್ಣ ತೂತು.
ಹಾರ್ನ್ ಹೊಡೆದರೆ ಬೆಚ್ಚಿಯಾನೆಂದು
ಮೈಕು ತೆಗೆದು, ವಾಲ್ಯೂಮು ತಗ್ಗಿಸಿ,
ಒಂದು ಸಲ
ಅವನ ಹೆಸರು ಹೇಳಿದೆ.